ಗೇರುಹಣ್ಣಿನ ಬಟ್ಟಿ ಯಾಕೆ ಕಳ್ಳಬಟ್ಟಿ?



ಬೇಸಿಗೆ ಬಂದ್ರೆ ನಮ್ಮ ಸೊರಬ, ಶಿಕಾರಿಪುರದ ಕಡೆ ಗೇರುಹಣ್ಣು ನೆಲಕ್ಕೆ ಬಿದ್ದು ಕೊಳೆಯುತ್ತೆ. ಬೆಲೆ ಬೀಜಕ್ಕೆ, ಹಣ್ಣನ್ನ ಕೇಳೋರಿಲ್ಲ. ಅದನ್ನೇ ಹಿಂಡಿ, ರಸ ಹುಳಿ ಬರಿಸಿ, ಮಡಕೇಲಿ ಕಾಯಿಸಿ ಆವಿ ಇಳಿಸಿದರೆ ಸಾರಾಯಿ. ನಾನು ಕಂಡಂತೆ ಕೇರಿಯಲ್ಲಿ ಈ ಹದ ಬಲ್ಲವರು ಹೆಂಗಸರೇ.

1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದ ಬಟ್ಟಿ ಅಪರಾಧ. ಗುತ್ತಿಗೆದಾರನ ಪ್ಯಾಕೆಟ್ ಸಾರಾಯಿ ಸಕ್ರಮ, ಅಜ್ಜಿಯ ಮಡಕೆ ಕಳ್ಳಬಟ್ಟಿ! 2007ರ ಜುಲೈ 1ರಿಂದ ಆ ಪ್ಯಾಕೆಟ್ಟೂ ನಿಷೇಧ ಆಯ್ತು. ಆಗ ಹಣಕಾಸು ಖಾತೆ ಇದ್ದದ್ದು ಶಿಕಾರಿಪುರದ ಯಡಿಯೂರಪ್ಪನವರ ಕೈಲಿ. ಅದೇ ವರ್ಷ ಸರ್ಕಾರ ದ್ರಾಕ್ಷಿ ವೈನ್‌ಗೆ ನೀತಿ ಮಾಡಿ ಪ್ರೋತ್ಸಾಹ ಕೊಡ್ತು. 2009ರಲ್ಲಿ ಗೋವಾದ ಗೇರು ಫೆನಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ತು. ಹಣ್ಣು ಅದೇ, ಬಟ್ಟಿ ಇಳಿಸೋ ಕ್ರಮವೂ ಅದೇ.

ನಾನು ಕುಡಿತದ ಪರ ಅಲ್ಲ. ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಕೂಗಿದ್ದು ನಮ್ಮ ದಸಂಸ, ಭದ್ರಾವತಿಯ ಬಿ. ಕೃಷ್ಣಪ್ಪನವರ ದಸಂಸ. ಆದರೆ ಪ್ಯಾಕೆಟ್ ಹೋದ ಜಾಗಕ್ಕೆ ದುಬಾರಿ ವಿಸ್ಕಿ ಟೆಟ್ರಾ ಪ್ಯಾಕ್ ಬಂತು, ದಿನದ ಕೂಲಿ ಅಲ್ಲಿಗೇ ಹೋಗ್ತಿದೆ. ಕೇಸು ಬೀಳೋದು ಮಾತ್ರ ಮಡಕೆ ಇಟ್ಟವಳ ಮೇಲೆ.