ಆಕಿನ್ನ ಕೇಳೀಯೇನು?

ನಮ್ಮ ಅಜ್ಜಿಯ ಮದುವೆಯಾದದ್ದು 1930ರ ಮಾರ್ಚಿನಲ್ಲಿ, ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಆಗ ಆಕೆಗೆ ಎಂಟು ವರ್ಷ. "ಆ ವರ್ಷ ಓಣಿಗೊಂದು ಹಂದರ ಹಾಕಿದ್ರು. ಯಾಕಂತ ನನಗೇನ ಗೊತ್ತು? ಹೊಸಾ ಸೀರಿ ಉಡಿಸ್ಯಾರಂತ ಕುಣಿದಾಡಿದ್ದೆ" ಎನ್ನುತ್ತಿದ್ದಳು.

ಆ ಅವಸರದ ಕಾರಣ ನನಗೆ ತಿಳಿದದ್ದು ಕಾಲೇಜಿನಲ್ಲಿ ಇತಿಹಾಸ ಓದುವಾಗ. ಹರಬಿಲಾಸ ಸಾರಡಾ ಅವರ ಮಸೂದೆ 1929ರಲ್ಲಿ ಕಾನೂನಾಯಿತು. ಹುಡುಗಿಗೆ 14, ಹುಡುಗನಿಗೆ 18 ತುಂಬದೆ ಮದುವೆ ಮಾಡಕೂಡದು. ಆದರೆ ಅದು ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ನಡುವೆ ಸಿಕ್ಕ ಆರು ತಿಂಗಳಲ್ಲಿ ಬ್ರಿಟಿಷ್ ಆಳ್ವಿಕೆಯ ಪ್ರಾಂತಗಳ ಅನೇಕ ಕಡೆ ಹೆತ್ತವರು ಎಳೆಯ ಮಕ್ಕಳ ಮದುವೆ ಮಾಡಿ ಮುಗಿಸಿಬಿಟ್ಟರು. ಮಕ್ಕಳನ್ನು ಉಳಿಸಲು ಬಂದ ಕಾನೂನಿನ ಭಯವೇ ನಮ್ಮಜ್ಜಿಯನ್ನು ಹಸೆಮಣೆಗೆ ಏರಿಸಿತ್ತು! ಅದಕ್ಕೂ ಮೊದಲು, 1894ರಲ್ಲಿ, ಮೈಸೂರು ಸಂಸ್ಥಾನ ಎಂಟು ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು. ಈ ಕಾನೂನುಗಳು ಹುಡುಗಿಯ ವಯಸ್ಸನ್ನು ಎಣಿಸಿದವು, ಮನಸ್ಸನ್ನು ಕೇಳಲಿಲ್ಲ.

ಯಾರೂ ಕೇಳದಿದ್ದರೂ ಹೇಳಿದವರು ಮುಂಬಯಿಯ ರಖಮಾಬಾಯಿ. 11ನೆಯ ವಯಸ್ಸಿಗೆ ಮದುವೆಯಾಗಿದ್ದ ಅವರು ದೊಡ್ಡವರಾದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ಗಂಡ ಕೋರ್ಟಿಗೆ ಹೋದ. ಗಂಡನ ಮನೆ, ಇಲ್ಲವೇ ಆರು ತಿಂಗಳ ಸೆರೆಮನೆ ಎಂದು 1887ರಲ್ಲಿ ಹೈಕೋರ್ಟು ಹೇಳಿದಾಗ, ಸೆರೆಮನೆಗೇ ಹೋಗುತ್ತೇನೆ ಎಂದರು. ಮರುವರ್ಷ ರಾಜಿಯಾಯಿತು. ಮುಂದೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ ಬಂದು ಸೂರತ್ತಿನಲ್ಲಿ ಡಾಕ್ಟರಾದರು. ಅವರಿಗೆ ಅಕ್ಷರ ಒಲಿದಿತ್ತು, ಬೆನ್ನ ಹಿಂದೆ ಮಲತಂದೆಯ ಆಸರೆಯಿತ್ತು. ನಮ್ಮಜ್ಜಿಗೆ ಎರಡೂ ಇರಲಿಲ್ಲ.

ಹಳ್ಳಿಯ ಬಡ ಹೆಣ್ಣುಮಕ್ಕಳಿಗೆ ಈ ಎರಡನ್ನೂ ಒದಗಿಸುವ ಯತ್ನವಾಗಿ 1989ರಲ್ಲಿ ಮಹಿಳಾ ಸಮಾಖ್ಯಾ ನಮ್ಮ ರಾಜ್ಯದಲ್ಲಿ ಆರಂಭವಾಯಿತು. ತಾಯಂದಿರಿಗೆ ಸಂಘ, ಶಾಲೆ ಬಿಟ್ಟ ಹುಡುಗಿಯರಿಗೆ ಉಳಿದು ಓದುವ ಶಿಕ್ಷಣ ಕೇಂದ್ರ, ಕಿಶೋರಿಯರಿಗೆ ಅವರದೇ ಗುಂಪು. ಒಬ್ಬಳೇ ಹೇಳಲಾಗದ ಮಾತನ್ನು ಹತ್ತು ಜನ ಕೂಡಿ ಹೇಳಬಹುದಲ್ಲವೆ? ಕಾನೂನೂ ನಿಧಾನವಾಗಿ ಕಿವಿಗೊಟ್ಟಿತು. 2006ರ ಕಾಯ್ದೆಯಂತೆ, ಬಾಲ್ಯದಲ್ಲಿ ಮದುವೆಯಾದವಳು 18 ತುಂಬಿ ಎರಡು ವರ್ಷದೊಳಗೆ ತಾನೇ ಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸಬಹುದು. ಕರ್ನಾಟಕವಂತೂ ತಿದ್ದುಪಡಿ ತಂದು, ಅಂಥ ಮದುವೆ ಮದುವೆಯೇ ಅಲ್ಲ ಎಂದಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಐವರಿಗೊಬ್ಬಳು 18 ತುಂಬುವ ಮೊದಲೇ ಮದುವೆಯಾದವಳು.

1971ರಲ್ಲಿ ನನಗೂ ಒಂದು ಗಂಡು ಬಂತು. ನನಗೆ 16, ಆಗಿನ ಕಾನೂನಿಗೆ 15 ಸಾಕಿತ್ತು. ಪಡಸಾಲೆಯಲ್ಲಿ ಮಾತು ಮುಗಿಯುತ್ತ ಬಂದಿತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅಪ್ಪನನ್ನು ಕೇಳಿದಳು: "ಆಕಿನ್ನ ಒಂದ ಮಾತ ಕೇಳೀಯೇನು?"

ಅಪ್ಪ ತಿರುಗಿ ನನ್ನತ್ತ ನೋಡಿದ. ಒಲ್ಲೆ, ಓದುತ್ತೇನೆ ಎಂದೆ.

ನಾನು ಕಾಲೇಜಿನಲ್ಲಿ ಇತಿಹಾಸ ಓದಿದ್ದು ಹಾಗೆ.