ಶಕಲಗಳ ಊರಿನ ಚರಿತ್ರೆ

ಹೇಮಾವತಿಯ ದಂಡೆಯ ಸಕಲೇಶ್ವರನಿಂದ ಹೆಸರು ಪಡೆದ ಸಕಲೇಶಪುರಕ್ಕೆ ಜನರು ಇನ್ನೊಂದು ನಿರುಕ್ತಿಯನ್ನೂ ಹೇಳುವರು: ಇಲ್ಲಿಯ ಲಿಂಗದಿಂದ ಒಂದು ಚೂರು ಎದ್ದುಹೋಗಿತ್ತೆಂದೂ, ಚೂರಿಗೆ ಸಂಸ್ಕೃತದಲ್ಲಿ ಶಕಲವೆಂಬ ಹೆಸರಿರುವುದರಿಂದ ದೇವರು ಶಕಲೇಶ್ವರನಾದನೆಂದೂ. ಪಂಡಿತರು ಇದನ್ನು ಒಪ್ಪಲಿ, ಬಿಡಲಿ. ಈ ಮಲೆಸೀಮೆಯ ಮನೆತನಗಳ ಪೂರ್ವವನ್ನು ಅರಸುವವನಿಗೆ ಆ ಹೆಸರು ಅನ್ವರ್ಥವೆನಿಸದಿರದು, ಏಕೆಂದರೆ ಅವನ ಕೈಗೆ ದೊರೆಯುವುದೆಲ್ಲ ಚೂರುಗಳೇ.

ಮೊದಲಿನದು ಕಲ್ಲು. ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟವು, ಮಾಲಿಕೆಯಲ್ಲಿ 5ನೆಯದು, 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿದ್ದಿತು; ಸಕಲೇಶಪುರದ ಶಾಸನಗಳನ್ನು ಅದರಲ್ಲಿ ತಾಲ್ಲೂಕಿನ ಅಂದಿನ ಹೆಸರಾದ ಮಂಜರಾಬಾದಿನಡಿಯಲ್ಲಿ ಹುಡುಕತಕ್ಕದ್ದು. ತುರುಗಾಳಗದಲ್ಲಿ ಮಡಿದವನ ವೀರಗಲ್ಲು ಅವನ ತಂದೆಯ ಹೆಸರನ್ನೂ, ಮಕ್ಕಳಿಗೆ ಬಂದ ನೆತ್ತರುಗೊಡಗೆಯ ಭೂಮಿಯನ್ನೂ ಹೇಳುವುದುಂಟು. ಆದರೆ ಮನೆಯಲ್ಲಿಯೇ ಮುಪ್ಪಾಗಿ ಸತ್ತ ತಮ್ಮನ ವಿಷಯದಲ್ಲಿ ಕಲ್ಲು ಮೂಕ.

ಆ ಮೌನವನ್ನು ಕಡತವು ತುಸು ಮುರಿಯುತ್ತದೆ. ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆದಿಟ್ಟ ಶ್ಯಾನುಭೋಗರ ಲೆಕ್ಕಕ್ಕೆ ಶೌರ್ಯ ಬೇಕಿಲ್ಲ, ಕಂದಾಯ ಸಾಕು. ಆದರೆ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾದ ಅದೇ ಗುಣವು ಹಿಂದಿನ ಹೆಸರುಗಳನ್ನು ನುಂಗಿತು; 1961ರ ಕಾಯಿದೆಯು ವಂಶಪಾರಂಪರ್ಯದ ಗ್ರಾಮಾಧಿಕಾರವನ್ನೇ ರದ್ದುಪಡಿಸಿದ ಮೇಲೆ ಕಡತಗಳನ್ನು ಕಾಯುವ ಹೊಣೆಯೂ ಸಡಿಲಿತು.

ಇನ್ನು ಬಾಯಿಮಾತು. ಎತ್ತನ್ನೇರಿ ಊರೂರು ತಿರುಗುವ ಹೆಳವರು ಒಕ್ಕಲುಗಳ ವಂಶಾವಳಿಯನ್ನು ತಲೆಮಾರುಗಟ್ಟಲೆ ಹೇಳಿ ಕಾಳುಕಡಿ ಪಡೆಯುವರು. ಕೊಟ್ಟ ಮನೆಯ ಕೀರ್ತಿ ಅಲ್ಲಿ ಕೊಂಚ ಹಿಗ್ಗುವುದೂ ಸಹಜವೇ. ಸೋತವನಿಗಾದರೋ ಹಗೆಯ ಲೇಖನಿಯೇ ಸಾಕ್ಷಿ: 1802ರಲ್ಲಿ ಗಲ್ಲಿಗೇರಿದ ಇಲ್ಲಿಯ ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕನ ಕಡೆಯ ದಿನಗಳನ್ನು, ಅವನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಿಂದ ತಿಳಿಯಬೇಕಾಗಿದೆ.

ಆಮೇಲೆ ಈ ಸೀಮೆಗೆ ಕಾಫಿ ಬಂದಿತು. ಪ್ಲಾಂಟರ್ ರಾಬರ್ಟ್ ಎಲಿಯಟ್ ತನ್ನ ಮಂಜರಾಬಾದಿನ ಬಾಳನ್ನು 1871ರಲ್ಲಿಯೂ 1894ರಲ್ಲಿಯೂ ಗ್ರಂಥವಾಗಿಸಿದನು. ಆದರೆ ಕಾಫಿತೋಟದ ಕೆಲಸಕ್ಕೆ ಘಟ್ಟವೇರಿ ಬಂದ ಆಳಿಗೆ ವೀರಗಲ್ಲಿಲ್ಲ, ಭೂಮಿಯಿಲ್ಲದುದರಿಂದ ಕಡತದಲ್ಲಿ ಎಡೆಯಿಲ್ಲ, ಕಾಳಿಲ್ಲದುದರಿಂದ ಹೆಳವನೂ ಇಲ್ಲ. ಅವನ ಹೆಸರನ್ನು ತಪ್ಪದೆ ಬರೆದವನು ತೋಟದ ರೈಟರೊಬ್ಬನೇ. ಕೂಲಿ ಬಟವಾಡೆಯಾಗಬೇಕಾದರೆ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಹೆಸರಿರಲೇಬೇಕಷ್ಟೆ. ಆ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುವ ಯಜಮಾನನು, ತಾನರಿಯದೆಯೇ, ಎಷ್ಟೋ ಮನೆತನಗಳ ಏಕಮಾತ್ರ ಶಾಸನವನ್ನು ತೂಕಕ್ಕೆ ಮಾರುತ್ತಿರುವನು.