ಖಿನ್ನತೆ
ಸಂಸ್ಕೃತದ ‘ಖಿದ್’ ಧಾತುವಿನಿಂದ ಬಂದ ಪದ. ಕುಗ್ಗು, ಬಳಲು, ನೋಯು ಎಂಬ ಅರ್ಥದ್ದು. ‘ಖೇದ’ ಇದರ ಒಡಹುಟ್ಟು. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಮನೆಗಳಲ್ಲಿ ಮಾತ್ರ ಈ ಪದದ ಓಡಾಟ ಕಡಿಮೆ. ಊಟ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದ ಪಿಯುಸಿ ಹುಡುಗ ‘ಯವ್ವಾ, ಯಾಕೋ ಬ್ಯಾಸರ ಆಗೈತಿ’ ಎನ್ನುತ್ತಾನೆ. ‘ಏನೋ ಮನಸಿಗೆ ಹಚ್ಕೊಂಡಾನ’ ಎನ್ನುತ್ತಾಳೆ ತಾಯಿ. ಎಷ್ಟು ಅಂತಃಕರಣದ, ಎಷ್ಟು ಸರಿಯಾದ ಮಾತು! ಆದರೆ ಡಾಕ್ಟರ ಹೆಸರು ಎತ್ತಿದ ಕೂಡಲೇ ‘ಮಂದಿ ಹುಚ್ಚ ಅಂತಾರ’ ಎಂಬ ಅಂಜಿಕೆ. ಹುಚ್ಚು ಎಂಬುದು ಬೈಗುಳ, ರೋಗದ ಹೆಸರಲ್ಲ. ಖಿನ್ನತೆ ರೋಗ, ಅದಕ್ಕೆ ಚಿಕಿತ್ಸೆ ಇದೆ. ಬ್ಯಾಸರ ಎರಡು ವಾರ ದಾಟಿದರೆ ಮಗುವನ್ನು ವಿಜಯಪುರದ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.